ಖಾಲಿ ಟೇಪಿನ ಫ್ರೆಂಚು

ನಮ್ಮ ಸೋದರಮಾವ ಪ್ಯಾರಿಸ್ಸಿಗೆ ಹೋಗುವ ಆಸಾಮಿಯೇ ಅಲ್ಲ. ಅಹಮದಾಬಾದಿನ ವಸ್ತ್ರಾಪುರದಲ್ಲಿದ್ದುಕೊಂಡು, ಊರಂಚಿನ ಬೋಪಾಲಿಗೆ ಹೋಗಬೇಕೆಂದರೂ ಎರಡು ದಿನ ಯೋಚಿಸಿ ಮೂರನೆಯ ದಿನ ಬೇಡವೆನ್ನುವವರು. ಅಂಥವರು ಬ್ಯಾಂಕಿನಿಂದ ನಿವೃತ್ತರಾದ ವರ್ಷವೇ ಫ್ರೆಂಚ್ ಕಲಿಯಲು ಕೂತರೆಂದರೆ ನಂಬುತ್ತೀರಾ?

ಅದೂ ಎಂಥ ಹೊತ್ತಿನಲ್ಲಿ! ಅತ್ತೆಗೆ ಲಕ್ವ ಹೊಡೆದು ಎರಡು ತಿಂಗಳಾಗಿತ್ತು. ಕೈಕಾಲು ಸುಧಾರಿಸಿದ್ದವು, ಮಾತು ಮಾತ್ರ ತೊಡರುತ್ತಿತ್ತು. ದಿನವೂ ಸಣ್ಣಪುಟ್ಟ ಮಾತಾಡಿಸಿ, ಇಲ್ಲದಿದ್ದರೆ ಇರುವುದೂ ಹೋದೀತು ಎಂದಿದ್ದರು ಡಾಕ್ಟರು. ಇಡೀ ಅಪಾರ್ಟ್‌ಮೆಂಟಿಗೆ ನಾಲ್ಕು ಭಾಷೆಯಲ್ಲಿ ಬುದ್ಧಿ ಹೇಳುತ್ತಿದ್ದ ಅತ್ತೆ, ಒಮ್ಮೆ ನೀರು ಕೇಳಲು ಹೋಗಿ ‘ಬಾಗಿಲು’ ಎಂದವರು ಆಮೇಲೆ ತುಟಿಯನ್ನೇ ಬಿಚ್ಚಲಿಲ್ಲ.

ಸೂರತ್ತಿನಲ್ಲಿ ಸೀರೆ ಹೊತ್ತು ಮಾರಿ ಅಂಗಡಿ ಮಾಡಿದವನು ನಾನು. ಸಲಹೆ ಕೊಡದೆ ಇರಲಾದೀತೇ?

“ಮಾವ, ಕಲಿಯೋದಾದ್ರೆ ಗುಜರಾತಿ ಕಲೀರಿ. ತರಕಾರಿಯವಳ ಹತ್ರ ಆದ್ರೂ ಉಪಯೋಗಕ್ಕೆ ಬರುತ್ತೆ.”

“ಗುಜರಾತಿ ನಂಗೆ ಬರುತ್ತಲ್ಲೋ. ಬರದೇ ಇರೋದೇ ಬೇಕು.”

ಸರಿ, ಭಾನುವಾರ ನದಿದಂಡೆಯ ಗುಜರಿ ಬಜಾರಿಗೆ ಕರೆದೊಯ್ದೆ. ಹಳೇ ಸಾಮಾನಿನ ನಡುವೆ ಫ್ರೆಂಚ್ ಕ್ಯಾಸೆಟ್ಟೊಂದು ಸಿಕ್ಕಿತು. ಹಾಕಿಸಿ ಕೇಳಿದೆ. ಒಬ್ಬಾಕೆ ಪ್ರಶ್ನೆ ಕೇಳುತ್ತಾಳೆ, ಕಲಿಯುವವರು ಉತ್ತರಿಸಲೆಂದು ಟೇಪು ಸುಮ್ಮನೆ ತಿರುಗುತ್ತದೆ, ಮತ್ತೆ ಪ್ರಶ್ನೆ. ನಾನು ಬಿಡುತ್ತೇನೆಯೇ?

“ಕಾಕಾ, ಅರ್ಧ ಟೇಪು ಖಾಲಿ. ಖಾಲಿಗೂ ರೇಟಾ?”

“ಖಾಲಿ ಜಾಗ ನಿಮ್ದು ಸೇಠ್, ತುಂಬಿಸ್ಕೊಳ್ಳಿ,” ಎಂದ ಮಾರುವ ಮುದುಕ. ಗೊಣಗಿಕೊಂಡೇ ಬೆಲೆ ಇಳಿಸಿದ.

ಮುಂದಿನ ಸಲ ನಾನು ಹೋದಾಗ ವಾಚ್‌ಮನ್ ಪಕ್ಕಕ್ಕೆ ಕರೆದ. “ಸಾಹೇಬರು ದಿನಾ ಬೆಳಿಗ್ಗೆ ನನ್ನ ಏನೋ ಬೈತಾರೆ. ಆದ್ರೆ ನಗ್ತಾ ಬೈತಾರೆ.” ಮಾವನ ಫ್ರೆಂಚ್ ನಮಸ್ಕಾರ ‘ಬೊಂಜೂರ್’ ಆತನನ್ನು ಅಷ್ಟು ಕಾಡಿತ್ತು.

ಸಂಜೆ ಬಾಲ್ಕನಿಯ ಉಯ್ಯಾಲೆಯಲ್ಲಿ ಇಬ್ಬರೂ ಕೂತಿದ್ದರು. ಎದುರಿನ ಕೆರೆಯ ಮೇಲೆ ಬೆಳಕು ಕರಗುತ್ತಿತ್ತು. ಟೇಪಿನೊಳಗಿಂದ ಗುರುತಿಲ್ಲದ ಯಾವುದೋ ಊರಿನ ಹೆಂಗಸು ಮೆಲುದನಿಯಲ್ಲಿ ಕ್ಷೇಮ ವಿಚಾರಿಸುತ್ತಿದ್ದಳು. ಅವಳು ಹೆಸರು ಕೇಳಿದರೆ ಮಾವ ರೈಲು ನಿಲ್ದಾಣ ಎಲ್ಲಿ ಎನ್ನುತ್ತಿದ್ದರು, ನಿಲ್ದಾಣ ಕೇಳಿದರೆ ವಂದನೆ ಹೇಳುತ್ತಿದ್ದರು. ಅತ್ತೆಯ ತುಟಿಯ ಒಂದು ಮೂಲೆ ನಗುತ್ತಿತ್ತು.

“ಇಷ್ಟು ದಿನ ಆಯ್ತು, ಒಂದೂ ಸರಿ ಇಲ್ವಲ್ಲ ಮಾವ?” ಎಂದೆ.

ಅವರು ನನ್ನ ಕಿವಿಗೆ ಬಾಗಿದರು. “ತಪ್ಪು ಮಾತಾಡೋಕೆ ಅವಳಿಗೆ ನಾಚಿಕೆ ಕಣೋ. ಮನೇಲಿ ಅವಳಿಗಿಂತ ದಡ್ಡ ಇನ್ನೊಬ್ಬ ಬೇಡ್ವಾ?”

ಸಲಹೆ ಕೊಡುವುದು ಬಿಟ್ಟು ಟೇಪಿನ ಸದ್ದು ಹೆಚ್ಚಿಸಿದೆ.

“ವೂಲೇ ವೂ ದ್ಯು ಕಾಫೇ?” ಎಂದಿತು ಟೇಪು.

“ಕಾಫಿ ಬೇಕಾ ಅಂತಿದ್ದಾಳೆ,” ಎಂದರು ಮಾವ ಅತ್ತೆಗೆ.

ಟೇಪು ಸುಮ್ಮನೆ ತಿರುಗಿತು. ಉಯ್ಯಾಲೆಯ ಸರಪಳಿ ಕಿರ್ರೆಂದಿತು. ಮಾವ ಎಂದಿನ ತಪ್ಪು ಉತ್ತರಕ್ಕೆ ಬಾಯಿ ತೆರೆದರು. ಅತ್ತೆ ಕೈಯೆತ್ತಿ ತಡೆದರು.

“ಸ... ಸಕ್ಕರೆ ಕಮ್ಮಿ.”

ಟೇಪಿನವಳು ಆಗಲೇ ಮುಂದಿನ ಪ್ರಶ್ನೆಗೆ ಹೋಗಿದ್ದಳು, ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಮಾವ ಎದ್ದು ಅಡುಗೆಮನೆಗೆ ಹೋಗಿ ಕಾಫಿಪುಡಿ ಡಬ್ಬಿಗಾಗಿ ಬಹಳ ಹೊತ್ತು ಹುಡುಕಿದರು. ಡಬ್ಬಿ ಅವರ ಕೈಯಲ್ಲೇ ಇತ್ತು.