ಸವದತ್ತಿ ಹಿನ್ನೀರಿನಲ್ಲಿ ಇಲ್ಲದ ಹಕ್ಕಿ

ಕೊರಳಿಗೆ ದುರ್ಬೀನು ಬಿದ್ದ ದಿನದಿಂದ ನನಗೆ ಇಂಥ ಫಜೀತಿ ತಪ್ಪಿಲ್ಲ. ನಾನು ಹಕ್ಕಿ ನೋಡಲು ಹೋಗುತ್ತೇನೆ. ಮಂದಿ ನನ್ನನ್ನು ನೋಡುತ್ತಾರೆ.

೧

ಏಳನೇ ಇಯತ್ತೆಗೇ ಸಾಲಿ ಬಿಟ್ಟವ ನಾನು. ಬೈಕ್ ಹತ್ತಿ ಊರೂರು ತಿರುಗುವುದೇ ಚಟ. ಬ್ಯಾಸಗಿಗೆ ಸವದತ್ತಿ ಹಿನ್ನೀರು ಹಿಂದೆ ಸರಿದಾಗ, ದಂಡೆಯ ಮಂದಿ ಆ ಹಸಿ ಮಣ್ಣಿನಲ್ಲಿ ಕಲ್ಲಂಗಡಿ ಹಾಕಿರುತ್ತಾರೆ. ಅಲ್ಲೊಂದು ಮುಂಜಾನೆ ಕರಿತಲೆಯ ದೊಡ್ಡ ಕಡಲಹಕ್ಕಿ ಕಂಡೆ. ನಮ್ಮ ಕಡೆ ಬಲು ಅಪರೂಪ. ಗಡಿಬಿಡಿಯಲ್ಲಿ ಮೊಬೈಲಿನಲ್ಲೇ ಫೋಟೊ ತೆಗೆದು, ನಮ್ಮ ಹಕ್ಕಿ ಗುಂಪಿನ ಹಿರಿಯರಾದ ಬೈಲಹೊಂಗಲದ ಮಾಸ್ತರರಿಗೆ ತೋರಿಸಿದೆ.

"ತಮ್ಮಾ, ನಿನ್ನ ಬೆರಳು ಚೊಲೊ ಬಂದೈತಿ," ಅಂದರು.

೨

ಅವರ ಅನುಮಾನಕ್ಕೆ ಕಾರಣವಿತ್ತು. ಹಿಂದೊಮ್ಮೆ ಕಿತ್ತೂರ ಕೆರೆಯಲ್ಲಿ ನಾನು ಕಂಡ ಅಪರೂಪದ ಬಾತು, ಯಾರದೋ ಮನೆಯಲ್ಲಿ ಸಾಕಿದ್ದು.

"ಈ ಸಲ ಇನ್ನೊಬ್ಬರು ಯಾರರ ಕಂಡಿದ್ರ ಹಕ್ಕಿ ಪಟ್ಟಿಗೆ ಸೇರಸ್ತೇನಿ. ಇಲ್ಲಂದ್ರ ನೀ ಗುಂಪಿನಾಗ ಬರೇ ಗುಡ್ ಮಾರ್ನಿಂಗ್ ಹಾಕು," ಅಂದರು ಮಾಸ್ತರರು.

ಹಕ್ಕಿ ಹೋದರೆ ನನ್ನ ಮಾತೂ ಹೋದ ಹಾಗೆ. ಮೂರು ದಿನ ದಂಡೆಯಲ್ಲೇ ಕುಂತೆ, ನೋಟಬುಕ್ ಹಿಡಿದು. ಮೂರನೇ ದಿನ ರೈತನೊಬ್ಬ ಕಲ್ಲಂಗಡಿ ಹೆಚ್ಚಿ ತಂದ.

"ತಿನ್ರಿ ಸಾಹೇಬ್ರ. ನನ್ನ ಹೆಸರು ಬರಕೋಬ್ಯಾಡ್ರಿ. ಜಾಗಾ ಎಲ್ಲಾ ಸರ್ಕಾರದ್ದ ಐತಿ, ನಾ ಸುಮ್ಮ ಕಾಯಾಕ ಕುಂತೇನಿ."

"ನಾ ಸಾಹೇಬ ಅಲ್ರಿ. ಹಕ್ಕಿ ನೋಡಾಕ ಬಂದೇನಿ."

"ಅದು ಇನ್ನೂ ಕೆಟ್ಟದ್ರಿ. ಪಕ್ಷಿಧಾಮ ಮಾಡಿ ನಮ್ಮನ್ನ ಎಬ್ಬಸ್ತೀರಿ," ಅಂದವನೇ ಕಲ್ಲಂಗಡಿ ವಾಪಸ್ ಒಯ್ದ.

೩

ಮರುದಿನ ಮಾಸ್ತರರೇ ಬಂದರು. ನೀರಿನ ಮೇಲೆ ಬೆಳ್ಳಕ್ಕಿ ಬಿಟ್ಟರೆ ಏನೂ ಇಲ್ಲ. ಮೀನು ಒಣಹಾಕಿ ಕುಂತಿದ್ದ ಮುದುಕಿಯೊಬ್ಬಳನ್ನು ಮಾಸ್ತರರು ಕೇಳಿದರು, "ಯವ್ವಾ, ಇಲ್ಲಿ ಕರಿತಲಿ ಹಕ್ಕಿ ಬರತೈತೇನು?"

ಕಲ್ಲಂಗಡಿ ರೈತ ದೂರದಿಂದಲೇ ಬ್ಯಾಡ ಎಂದು ಕೈ ಆಡಿಸಿದ.

"ಇಲ್ರಿ. ಯಾವ ಹಕ್ಕಿನೂ ಬರೂದಿಲ್ಲ," ಅಂದಳು ಮುದುಕಿ.

ಮಾಸ್ತರರು ನನ್ನನ್ನು ನೋಡಿ ಕನ್ನಡಕ ಒರೆಸಿಕೊಂಡರು. ನಾನು ಮೀನಿನ ಮೇಲೆ ಹೊದಿಸಿದ್ದ ಬಲೆ ತೋರಿಸಿದೆ. "ಮತ್ತ ಮೀನಿನ ಮ್ಯಾಲ ಬಲಿ ಯಾಕ ಹೊಚ್ಚೀದಿ, ಯವ್ವಾ?" ಅಂದೆ.

"ಹೊಚ್ಚದ ಏನ ಮಾಡ್ಲಿ ಯಪ್ಪಾ? ದಿನಾ ಬಂದು ಒಯ್ತೈತಿ ಆ ಹಾಳಾದ್ದು. ತಲಿ ರೊಟ್ಟಿ ಹಂಚಿನಂಗ ಕರ್ರಗ. ಕಣ್ಣಿನ ಮ್ಯಾಲ ಕೆಳಗ ಬಿಳೇ ಗೆರಿ. ಕೊಕ್ಕು ಹಳದಿ, ತುದಿ ಕೆಂಪು."

ಮಾಸ್ತರರು ಹಕ್ಕಿ ಪುಸ್ತಕ ತೆರೆದು, ಚಿತ್ರದ ಮೇಲೆ ಬೆರಳಿಟ್ಟು ಒಂದೊಂದೇ ತಾಳೆ ನೋಡಿದರು. "ಕಾಲು, ಯವ್ವಾ?"

"ಅವೂ ಹಳದಿನ."

ಮಾಸ್ತರರು ಪೆನ್ನು ತೆಗೆದು, ಪಟ್ಟಿಯಲ್ಲಿ ಹಕ್ಕಿಯ ಹೆಸರನ್ನೂ ಅದರ ಮುಂದೆ ನನ್ನ ಹೆಸರನ್ನೂ ಬರೆದರು. ಮುದುಕಿ ರೈತನ ಮುಖ ನೋಡಿದಳು. ಬಲೆ ಸರಿಮಾಡುತ್ತ ಮತ್ತೊಮ್ಮೆ ಹೇಳಿದಳು:

"ಆದ್ರ ಇಲ್ಲಿ ಹಕ್ಕಿ ಬರೂದಿಲ್ರಿ."