ಕಾಲಿಗೆ ನೀರು ಕೊಡುವ ಕಾಕಾ

ನಮ್ಮ ಕಾಕಾನದಷ್ಟು ಅಪಾಯಕಾರಿ ಅತಿಥಿಸತ್ಕಾರ ಇಡೀ ಗೋಕಾಕ ಸೀಮೆಯಲ್ಲಿ ಇನ್ನೊಬ್ಬರದಿಲ್ಲ! ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುವುದು ನಮ್ಮ ಕಡೆಯ ವಾಡಿಕೆ. ಉಳಿದವರು ತಂಬಿಗೆ ಕೊಟ್ಟು ಸುಮ್ಮನಾಗುತ್ತಾರೆ. ನಾಗನೂರಿನ ನಮ್ಮ ಕಾಕಾ ಸುಮ್ಮನಾಗುವವನೇ? ತಾನೇ ನೀರು ಹಾಕಿ, ಒರೆಸಿ, ಅಂಗಾಲು ಎತ್ತಿ, ಬೆರಳ ಸಂದಿಗೆಲ್ಲ ಬ್ಯಾಟರಿ ಹಾಕಿ ನೋಡುತ್ತಾನೆ. ಅದು ಮುಗಿಯುವವರೆಗೆ ಚಹಾ ಇಲ್ಲ!

ನನ್ನ ತಂಗಿಯನ್ನು ನೋಡಲು ಬೆಲ್ಲದ ಬಾಗೇವಾಡಿಯವರು ಬಂದಿದ್ದರು. ವರನ ತಂದೆ ಕೂತದ್ದೇ ತಡ, ಕಾಕಾ ಅವರ ಕಾಲು ಹಿಡಿದ. ಹೆಣ್ಣಿನ ಕಡೆಯ ಹಿರಿಯ ಕಾಲಿಗೆ ಬಿದ್ದನೆಂದು ಅವರಿಗೆ ಗಾಬರಿ.

“ಏಳ್ರಿ ಮ್ಯಾಲ! ವರದಕ್ಷಿಣಿ ಕೇಳಿದವರ ಯಾರ್ರಿ?”

“ಕುಂದರ್ರಿ ಬೀಗರ. ಹಿಮ್ಮಡಿ ಒಡದೈತಿ. ಸಕ್ಕರಿ ತಪಾಸ ಮಾಡಿಸೀರೇನು?”

ಮಾಡಿಸಿದರೆ ಸಕ್ಕರೆ ಇತ್ತು! ಸಂಬಂಧವೂ ಕುದುರಿತು. ಈಗ ಆ ಬೀಗರು ಮನೆಯಿಂದಲೇ ಕಾಲು ತೊಳೆದುಕೊಂಡು ಬರುತ್ತಾರೆ.

ಮೂಡಲಗಿಯಲ್ಲಿ ಸರ್ಕಾರದ ಆರೋಗ್ಯ ವಿಮೆಯ ಕಾರ್ಡಿನ ಬಗ್ಗೆ ಸಭೆ. ದೊಡ್ಡ ಆಪರೇಷನ್ ಪೂರ್ತಿ ಪುಕ್ಕಟೆ ಎಂದು ಅಧಿಕಾರಿ ಹೇಳಿದಾಗ ಚಪ್ಪಾಳೆ ಬಿತ್ತು. ಕಾಕಾ ಎದ್ದು ನಿಂತ.

“ಸಾಹೇಬ್ರ, ಕಾಲ ಕಡ್ಯಾಕ ಕಾರ್ಡ ನಡೀತೈತಿ. ಕಾಲ ಉಳಸಾಕ ಯಾಕ ನಡ್ಯಂಗಿಲ್ರಿ?”

“ಯಜಮಾನ್ರ, ಅಡ್ಮಿಟ್ ಆದ್ರ ನಡೀತೈತ್ರಿ.”

“ಆಗೂದ ಬ್ಯಾಡಂತ ಹೇಳಾಕತ್ತೇನಿ! ಹುಟ್ಟಿದಾಗಿಂದ ನಡೀಲಿ. ವರ್ಷಾ ವರ್ಷಾ ಮನಿಗೇ ಬಂದು ಕಾಲ ನೋಡ್ರಿ, ಕಣ್ಣ ನೋಡ್ರಿ, ಗುಳಿಗಿ ಕೊಡ್ರಿ. ಆಮ್ಯಾಲ ನಿಮ್ಮ ಆಪರೇಷನ್ನಿಗೆ ಎಷ್ಟ ಮಂದಿ ಬರ್ತಾರ ನೋಡೂಣು!”

ಸಭೆ ನಕ್ಕಿತು. ನನಗೆ ನಗಲಾಗಲಿಲ್ಲ.

ಕಾಕಿಗೆ ಸಕ್ಕರೆ ಕಾಯಿಲೆ ಇತ್ತು. ಜೋಮು ಹಿಡಿದ ಅಂಗಾಲಿನಲ್ಲಿ ಮುಳ್ಳು ಮುರಿದದ್ದು ಆಕೆಗೆ ಗೊತ್ತೇ ಆಗಲಿಲ್ಲ. ಗಾಯ ಕೊಳೆತ ಮೇಲೆ ಕಾರ್ಡು ಕೆಲಸ ಮಾಡಿತು. ಕಾಲು ಪುಕ್ಕಟೆಯಾಗಿ ಹೋಯಿತು. ಹಿಂದೆಯೇ ಆಕೆಯೂ ಹೋದಳು. ಒಂದೇ ಮನೆಯಲ್ಲಿದ್ದೂ ಆ ಅಂಗಾಲನ್ನು ತಾನು ನೋಡಲಿಲ್ಲವಲ್ಲ ಎಂಬುದು ಕಾಕಾನನ್ನು ಇಂದಿಗೂ ತಿನ್ನುತ್ತದೆ. ಗಂಡ ಹೆಂಡತಿಯ ಕಾಲು ಹಿಡಿಯುವುದುಂಟೇ ನಮ್ಮಲ್ಲಿ?

ಮೊನ್ನೆ ಹೋದಾಗ ನನಗೂ ಅದೇ ತಂಬಿಗೆ, ಅದೇ ಬ್ಯಾಟರಿ. “ಚಹಾ ಯಾವಾಗ ಕೊಡ್ತಿ ಕಾಕಾ?” ಎಂದು ಚೇಷ್ಟೆ ಮಾಡಿದೆ. ಅವನು ನಗಲಿಲ್ಲ. ನನ್ನ ಹಿಮ್ಮಡಿಯ ಬದಿಗೆ ಸಣ್ಣದೊಂದು ಗಾಯವಿತ್ತು. ಹೆಬ್ಬೆರಳಿನಿಂದ ಅದರ ಪಕ್ಕ ಒತ್ತಿದ.

“ನೋವ ಆಗ್ತೈತೇನು?”

“ಇಲ್ಲ.”

ಮತ್ತೆ ಒತ್ತಿದ. “ಈಗ?”

“ಇಲ್ಲ ಕಾಕಾ.”

ನನ್ನ ಒದ್ದೆ ಕಾಲನ್ನು ಎದೆಗೆ ಅವುಚಿಕೊಂಡು ಕೂತುಬಿಟ್ಟ.

“ಆಗ್ತೈತಿ ಅನ್ನೋ ತಮ್ಮಾ. ಸುಳ್ಳಾದ್ರೂ ಅನ್ನು.”