ಮಾವನವರ ಬಲಗೈಯವರು

ನಮ್ಮ ಮಾವನವರು ಈ ಭೂಮಿಯ ಮೇಲೆ ಮರ್ಯಾದೆ ಕೊಟ್ಟು ಮಾತಾಡುವುದು ಒಬ್ಬರಿಗೇ. ಅದು ತಮ್ಮ ಬಲಗೈಗೆ! ಸೊಸೆಯಾದ ನನಗೆ 'ಏನಮ್ಮಾಯಿ, ಬಾ ಇಲ್ಲಿ', ಹೆತ್ತ ಮಗನಿಗೆ 'ಲೇ', ಕೈಗೆ ಮಾತ್ರ 'ಅವ್ರು'. "ಅವ್ರು ಇವತ್ತು ಟೆಂಪೊ ತುಂಬ ಟೊಮೇಟೊ ಎತ್ತವ್ರೆ, ಸ್ವಲ್ಪ ಎಣ್ಣೆ ಬಿಸಿ ಮಾಡು" ಅನ್ನುತ್ತಾರೆ. ಬಿಸಿ ಮಾಡುವವರು ಯಾರು? ಇನ್ಯಾರು, ನಾನೇ.

ಕೊಚ್ಚಿಕೊಳ್ಳುವುದು ಪೂರ್ತಿ ಸುಳ್ಳಲ್ಲ ಬಿಡಿ. ನಮ್ಮತ್ತೆಗೆ ಲಕ್ವ ಹೊಡೆದ ಮೇಲೆ ಬೆಳಿಗ್ಗೆ ಮಂಚದಿಂದ ಕುರ್ಚಿಗೆ, ಸಂಜೆ ಕುರ್ಚಿಯಿಂದ ಮಂಚಕ್ಕೆ ಎತ್ತುತ್ತಿದ್ದವರು ಇವರೇ. ಬೇರೆಯವರು ಮುಟ್ಟುವ ಹಾಗಿಲ್ಲ. ನನ್ನ ಗಂಡನಿಗೆ ವೇಮಗಲ್ ಕಾರ್ಖಾನೆಯಲ್ಲಿ ಕೆಲಸ, ನಮ್ಮೂರು ರಾಯಲ್ಪಾಡಿಗೆ ಬರುವುದು ಭಾನುವಾರ ಮಾತ್ರ. ಬಂದ ದಿನವೂ ಆತನಿಗೆ ಆ ಭಾಗ್ಯವಿಲ್ಲ!

ಅಂಥ ಕೈ ಒಂದು ದಿನ, ಟೆಂಪೊದಿಂದ ಜಾರಿದ ಟೊಮೇಟೊ ಕ್ರೇಟನ್ನು ಅರ್ಧದಲ್ಲೇ ಹಿಡಿಯಲು ಹೋಯಿತು. ಮೊಣಕೈಯೊಳಗೆ 'ಟಪ್' ಅಂತ ಸದ್ದು. ನನಗೂ ಕೇಳಿಸಿತು. ಅವರಿಗೆ ಕೇಳಿಸಲಿಲ್ಲವಂತೆ! ಮಾರನೆಯ ದಿನ ಮೊಣಕೈಯೆಲ್ಲ ನೇರಳೆ ಹಣ್ಣಿನ ಬಣ್ಣ, ಮೇಲೆ ತೋಳಿನಲ್ಲಿ ಗುಂಡಗೆ ಒಂದು ಗಡ್ಡೆ. ಗಾಬರಿಯಾಗಬೇಕಾದ ಮನುಷ್ಯ ಅಂಗಿ ತೋಳು ಮಡಿಸಿಕೊಂಡು ಟೀ ಅಂಗಡಿಗೆ ನಡೆದರು.

"ನೋಡ್ರಲಾ, ಈ ವಯಸ್ನಾಗೂ ಹೆಂಗ್ ಬೆಳ್ದವ್ರೆ!"

ಅಲ್ಲಿದ್ದವರೆಲ್ಲ ಒತ್ತಿ ನೋಡಿ ಹೊಗಳಿದರಂತೆ. ಬೆಳೆದವರಿಗೆ ಮಾತ್ರ ಅವತ್ತಿನಿಂದ ನಲ್ಲಿ ತಿರುಗಿಸಲು ಆಗದು, ನೀರಿನ ಬಿಂದಿಗೆ ಎತ್ತಲು ಆಗದು. ಅತ್ತೆಯನ್ನು ಎತ್ತುವ ಕೆಲಸ ಯಾರೂ ಹೇಳದೆಯೇ ನನ್ನ ಸೊಂಟದ ಮೇಲೆ ಬಿತ್ತು.

ಆಮೇಲೆ ಮಾವನವರು ರಾಜ್ಯದ ಗಡಿಯಾಚೆ ಹೋಗಿ ನಾಟಿ ಕಟ್ಟು ಹಾಕಿಸಿಕೊಂಡು ಬಂದರು. ಮೂಳೆ ಮುರಿದಿಲ್ಲ ಎಂದು ಕಟ್ಟುವವನೇ ಹೇಳಿದರೂ ಬಿಡದೆ, ಕೋಳಿಮೊಟ್ಟೆ ಬಳಿಸಿ ಬಟ್ಟೆ ಸುತ್ತಿಸಿಕೊಂಡಿದ್ದರು. ಬೀದಿಯ ಬೆಕ್ಕುಗಳೆಲ್ಲ ಅವರ ಹಿಂದೆ! "ಶಕ್ತಿ ಎಲ್ಲೈತೆ ಅಂತ ಬೆಕ್ಕಿಗೂ ಗೊತ್ತಾಯ್ತದೆ" ಅಂದರು. ಇಂಥವರಿಗೆ ಏನು ಹೇಳುವುದು ಹೇಳಿ?

ಹೇಗೋ ಶ್ರೀನಿವಾಸಪುರದ ಡಾಕ್ಟರ ಬಳಿಗೆ ಎಳೆದೊಯ್ದೆ. ಅವರು ಮುಟ್ಟಿ ನೋಡಿ, "ತೋಳಿನ ಮಾಂಸಖಂಡನ ಮೂಳೆಗೆ ಕಟ್ಟಿರೋ ಹುರಿ ಕಿತ್ಕೊಂಡಿದೆ, ಅದಕ್ಕೇ ಖಂಡ ಮೇಲಕ್ಕೆ ಮುದುರಿದೆ. ತಡ ಮಾಡಿದ್ರೆ ಹೊಲಿಯೋದು ಕಷ್ಟ. ಬೇಗ ಕೋಲಾರಕ್ಕೆ ಹೋಗಿ" ಎಂದರು.

"ಬೆಳ್ದಿರೋದನ್ನ ಕಿತ್ತೋಗೈತೆ ಅಂತಾನಲ್ಲ, ಹೊಟ್ಟೆಕಿಚ್ಚು!" ಎಂದು ಹೊರಗೆ ಬಂದರು ಮಾವನವರು. "ಅವನ ತೋಳು ನೋಡ್ದಾ? ನುಗ್ಗೆಕಾಯಿ!"

ಬೇಡಿಕೊಂಡೆ, ಬೈದೆ, ಒಂದು ಹೊತ್ತು ಊಟ ಬಿಟ್ಟೆ. ಅಂತೂ ಹೊರಟರು. ಬಸ್ಸಿನಲ್ಲಿ ಕೂತಿದ್ದೇ ತಡ, ನನಗೆ ನಿದ್ದೆ. ಸಾಕುಸಾಕಾಗಿ ಹೋಗಿತ್ತು.

ಕೋಲಾರದ ಮೂಳೆ ಡಾಕ್ಟರು ಸ್ಕ್ಯಾನ್ ನೋಡಿ ನಿಧಾನವಾಗಿ ಹೇಳಿದರು: "ಯಜಮಾನ್ರೆ, ಹಾಗೇ ಬಿಟ್ರೂ ನಡೆಯುತ್ತೆ. ನೋವು ಕಮ್ಮಿ ಆಗುತ್ತೆ, ಭಾರ ಎತ್ತೋ ಬಲ ಮಾತ್ರ ಮೊದಲಿನಷ್ಟು ಬರಲ್ಲ. ಹೊಲಿಸಿದ್ರೆ ಕೆಲವು ತಿಂಗಳು ಕೈಗೆ ಕೆಲಸ ಕೊಡೋ ಹಾಗಿಲ್ಲ, ವ್ಯಾಯಾಮ ಮಾಡ್ಬೇಕು, ಕಷ್ಟ ಇದೆ. ಈ ವಯಸ್ಸಲ್ಲಿ ಬೇಕಾ, ಯೋಚ್ನೆ ಮಾಡಿ."

ಇದಕ್ಕಿಂತ ಸಿಹಿಸುದ್ದಿ ಬೇಕೆ ಇವರಿಗೆ? ಇನ್ನು ಅತ್ತೆಯನ್ನು ಎತ್ತುವುದು ನನ್ನ ಪಾಲಿಗೇ ಖಾಯಂ ಎಂದುಕೊಂಡು ಎದ್ದೆ. ಸೊಂಟ ಹಿಡಿದುಕೊಂಡಿತು. ಮೇಜು ಹಿಡಿದು ನಿಂತೆ.

ಮಾವನವರು ಕೂತಲ್ಲಿಂದ ಅಲ್ಲಾಡಲಿಲ್ಲ. "ಹೊಲ್ದ್‌ಬುಡಿ ಡಾಕ್ಟ್ರೆ" ಎಂದರು.

"ಯಾಕ್ ಮಾಮಾ? ಅತ್ತೇನ ನಾನ್ ನೋಡ್ಕೊತೀನಲ್ಲ."

"ನೀನು ಹಲ್ಲು ಕಚ್ಕೊಂಡು ಅವಳನ್ನ ಎತ್ತೋದು ದಿನಾ ಬಾಗ್ಲಲ್ಲಿ ನಿಂತು ನೋಡ್ತೀನಮ್ಮಾಯಿ. ಒಳಕ್ಕೆ ಬಂದು ಏನ್ ಮಾಡ್ಲಿ?" ಎಂದರು. "ವಾಸಿಯಾಗೋ ಗಂಟ ತಡ್ಕೊ ತಾಯಿ. ಆಮೇಲೆ ನಿನ್ ಕೈಲಿ ಎತ್ತಿಸಲ್ಲ."

ನಾನು ಮತ್ತೆ ಕುರ್ಚಿಯಲ್ಲಿ ಕುಸಿದು, ಡಾಕ್ಟರ ಎದುರಿಗೇ ಮುಖಕ್ಕೆ ಸೆರಗು ಒತ್ತಿಕೊಂಡು ಅತ್ತುಬಿಟ್ಟೆ. ನನ್ನ ಸುಸ್ತು ಆ ಮನೆಯಲ್ಲಿ ಯಾರ ಕಣ್ಣಿಗೂ ಬಿದ್ದಿಲ್ಲ ಎಂದುಕೊಂಡಿದ್ದೆ.